ಬ್ರಾಕೆಟ್ಟಿನೊಳಗಿನ ಸಾಲು

"ಇದೇನಮ್ಮ ಇದು?" ಅಧಿಕಾರಿ ಹೇಳಿಕೆಯ ಹಾಳೆಯನ್ನು ಟೈಪಿಸ್ಟ್ ಹೆಂಗಸಿನ ಮೂಗಿನ ಮುಂದೆ ಹಿಡಿದ.

ಅದರಲ್ಲಿ ಶತ್ರುಸೇನೆಯ ಕೈದಿಯ ಉತ್ತರಗಳಷ್ಟೇ ಇರಬೇಕಿತ್ತು. ಇವಳು ನಡೆದದ್ದೆಲ್ಲವನ್ನೂ ಟೈಪ್ ಹೊಡೆದಿದ್ದಳು. 'ಮದ್ದುಗುಂಡು ಸೇತುವೆಯ ಕೆಳಗಿದೆಯೇ? ಗೊತ್ತಿಲ್ಲ. (ಇಲ್ಲಿ ಕೈದಿಯ ತಲೆಯನ್ನು ಬಕೆಟ್ಟಿನ ನೀರಿನಲ್ಲಿ ಅದುಮಲಾಯಿತು. ನಲವತ್ತು ಎಣಿಸುವಷ್ಟು ಹೊತ್ತು.) ಸೇತುವೆಯ ಕೆಳಗಿದೆಯೇ? ಹೌದು. ಗಿರಣಿಯಲ್ಲಿ? ಹೌದು. ಎರಡೂ ಕಡೆ? ಹೌದು, ಹೌದು.'

"ಕೋರ್ಟಿನ ಅಭ್ಯಾಸ ಸಾರ್," ಎಂದಳು. ಯುದ್ಧ ಶುರುವಾಗಿ ಇಲ್ಲಿಗೆ ವರ್ಗವಾಗುವ ಮೊದಲು ಇಪ್ಪತ್ತೆರಡು ವರ್ಷ ಅವಳು ನ್ಯಾಯಾಲಯದಲ್ಲಿ ಕುಟ್ಟಿದ್ದೇ ಹೀಗೆ. ಸಾಕ್ಷಿ ಅತ್ತರೆ ಬ್ರಾಕೆಟ್ಟಿನಲ್ಲಿ 'ಅತ್ತರು', ತಡವರಿಸಿದರೆ 'ತಡವರಿಸಿದರು'. ಒಮ್ಮೆ ಜಡ್ಜು ಗೊರಕೆ ಹೊಡೆದದ್ದನ್ನೂ ಬಿಟ್ಟಿರಲಿಲ್ಲ.

"ಇದು ಕೋರ್ಟಲ್ಲ. ಬ್ರಾಕೆಟ್ಟೆಲ್ಲ ತೆಗೆದು ಬೇರೆ ಹೊಡಿ."

"ತೆಗೆದ್ರೆ ಅವನೇ ತಾನಾಗಿ ಬಾಯಿಬಿಟ್ಟ ಅಂತ ಆಗತ್ತಲ್ಲ ಸಾರ್. ಚಂದ್ರನ ಮೇಲಿದೆಯಾ ಅಂದಿದ್ರೂ ಹೌದು ಅಂತಿದ್ದ."

ಮೂಲೆಯ ಬೆಂಚಿನಲ್ಲಿ ಕೈದಿ ಒದ್ದೆ ತಲೆ ತಗ್ಗಿಸಿ ಕೂತಿದ್ದ. ಅಂಗಿಯ ತುದಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ನೋಡಿ ಅವಳಿಗೆ ಅಧಿಕಾರಿಯ ಮೇಲೆ ಮೈಯೆಲ್ಲ ಉರಿದುಹೋಯಿತು.

ಅಧಿಕಾರಿ ದನಿ ಇಳಿಸಿದ. "ನಿನ್ನ ತಮ್ಮ ಶತ್ರುಗಳ ಕೈಲಿ ಸಿಕ್ಕಿಬಿದ್ದಿದಾನೆ ಅಲ್ವಾ? ಬರೋ ವಾರ ಕೈದಿಗಳ ಅದಲುಬದಲು. ಯಾರನ್ನ ವಾಪಸ್ ಕೇಳ್ಬೇಕು ಅನ್ನೋ ಪಟ್ಟಿ ಬರೆಯೋನು ನಾನು. ಅವನ ಹೆಸರು ಇರಬೇಕೋ, ಬೇಡ್ವೋ?"

ಒಂದೂವರೆ ವರ್ಷದಿಂದ ಅಮ್ಮ, ಇವತ್ತು ಬಂದಾನು ಎಂದು, ತಮ್ಮನ ತಟ್ಟೆಯನ್ನು ದಿನಾ ತೊಳೆದಿಡುತ್ತಿದ್ದಳು.

"ಬೇಕು ಸಾರ್. ಅವನಿಲ್ದೆ ಅಮ್ಮ ಸೊರಗಿ ಅರ್ಧ ಆಗಿದಾಳೆ," ಎಂದಳು. "ಆದ್ರೆ ಅಲ್ಲೂ ಒಬ್ಳು ಟೈಪಿಸ್ಟ್ ಕೂತಿರ್ತಾಳೆ. ನನ್ನ ತಮ್ಮಂಗೆ ಮಾಡಿದ್ದನ್ನ ಅವಳು ಬಿಟ್ಟು ಹೊಡೀಲಿ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?"

ಅಧಿಕಾರಿ ಹಾಳೆಯನ್ನು ಪರಪರ ಹರಿದು ಅವಳ ಮುಖಕ್ಕೆ ಎಸೆದ. "ಮೊದಲಿಂದ ಹೊಡಿ!"

ಅವಳು ಮಡಿಲಿಗೆ ಬಿದ್ದ ಚೂರುಗಳನ್ನು ಕೊಡವಿ, ಎರಡು ಹೊಸ ಹಾಳೆಗಳ ನಡುವೆ ಕಾರ್ಬನ್ ಇಟ್ಟು ಮಷೀನಿಗೆ ಏರಿಸಿದಳು. ಹೇಳಿದಂತೆ ಮೊದಲಿಂದಲೇ ಹೊಡೆದಳು. ಒಂದು ಬ್ರಾಕೆಟ್ಟನ್ನೂ ಬಿಡಲಿಲ್ಲ. ಕೊನೆಯಲ್ಲಿ ಹೊಸದೊಂದು ಸೇರಿತು:

'(ಇಲ್ಲಿ ಅಧಿಕಾರಿಯವರು ಹಾಳೆ ಹರಿದರು.)'