ದಾರ ಅಂಟಿಸಿದ ಕಾರು

ಮದುವೆಯಾದ ಹೊಸತರಲ್ಲಿ ಅವನು ವಾರಿಜಾಳಿಗೆ, "ನಮ್ಮದೇ ಕಾರಲ್ಲಿ ನಿಂಗೆ ಸಮುದ್ರ ತೋರಿಸ್ತೀನಿ" ಎಂದು ಮಾತು ಕೊಟ್ಟಿದ್ದ. ಕಾರೇನೋ ಬಂತು, ಜೊತೆಗೆ ಮೈಲೇಜಿನ ಹುಚ್ಚೂ ಬಂತು. ಅಂದಿನಿಂದ ಪ್ರತಿ ಭಾನುವಾರವೂ ಅದೇ ಹೈವೇ. ಟೋಲ್‌ಗೇಟಿನವರೆಗೆ ಹೋಗುವುದು, ವಾಪಸ್ಸು ಬರುವುದು. ಗಾಳಿ ತಡೆಯಬಾರದೆಂದು ಬಂಪರಿಗೆ ರಟ್ಟು, ಚಕ್ರಗಳಿಗೆ ತಟ್ಟೆಯಂಥ ಮುಚ್ಚಳ. ಕಿಟಕಿ ತೆರೆಯುವಂತಿಲ್ಲ, ಏಸಿ ಹಾಕುವಂತಿಲ್ಲ. ಅವಳು ಪಕ್ಕದ ಸೀಟಿನಲ್ಲಿ ಬೇಯುತ್ತಿದ್ದಳು.

ಈ ಭಾನುವಾರ ಅವನು ಟ್ಯಾಂಕನ್ನು ಕಂಠಮಟ್ಟ ತುಂಬಿಸಿ, ಕಾರಿನ ಮೈಗೆಲ್ಲ ಉಲ್ಲನ್ ದಾರದ ತುಂಡು ಅಂಟಿಸಿದ. ಗಾಳಿ ಎಲ್ಲಿ ತೊಡಕುತ್ತದೋ ಅಲ್ಲಿ ದಾರ ಕುಣಿಯುತ್ತದೆ. ಅದನ್ನು ರಸ್ತೆ ಬದಿಯಲ್ಲಿ ನಿಂತೇ ನೋಡಬೇಕು. ಅದಕ್ಕೆಂದೇ ಅವಳಿಗೆ ಡ್ರೈವಿಂಗ್ ಕಲಿಸಿದ್ದ.

"ಸಮುದ್ರಕ್ಕೆ ಯಾವಾಗ್ರೀ?"

"ಲೀಟರಿಗೆ ಇನ್ನೆರಡು ಕಿಲೋಮೀಟರ್ ಜಾಸ್ತಿ ಬರ್ಲಿ, ತಾಳೇ. ಟೋಲ್ ಹತ್ರ ತಿರುಗಿಸ್ಕೊಂಡು ಬಾ. ಕಿಟಕಿ ಮಾತ್ರ ತೆಗೀಬೇಡ, ಲೆಕ್ಕ ಕೆಡುತ್ತೆ."

"ಹೂಂ."

ಬಹಳ ಹೊತ್ತಾದ ಮೇಲೆ ಅವನ ಫೋನು ಬಂತು.

"ಎಲ್ಲೇ ಇದೀಯಾ? ಬಿಸಿಲಲ್ಲಿ ಒಣಗ್ತಾ ಇದೀನಿ ಇಲ್ಲಿ!"

"ಕಿಟಕಿ ತೆಗೆದ್ರೂ ಮೈಲೇಜ್ ಚೆನ್ನಾಗೇ ಬರ್ತಿದೆ ರೀ."

ಸೂರ್ಯ ಮುಳುಗುವ ಹೊತ್ತಿಗೆ, ತಮ್ಮದೇ ಕಾರಿನಲ್ಲಿ, ವಾರಿಜಾ ಸಮುದ್ರ ನೋಡಿದಳು.