ಟೋಪಿ ಕಳಚಿದ ಹೊತ್ತು

ಓಣಿಯ ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಎರೆಯುವ ಬಸಲಿಂಗವ್ವನಿಗೆ ಆ ಟೋಪಿಗಳ ಮೇಲೆ ಮೊದಲಿನಿಂದಲೂ ಗುಮಾನಿ. ತಲೆ ದುಂಡಗಾಗಲೆಂದು ಸರಕಾರ ಪ್ರತಿ ಕೂಸಿಗೂ ತೊಡಿಸಿದ್ದ ಆ ಗಟ್ಟಿ ಟೋಪಿಯನ್ನು ಎರೆಯುವಾಗ ಮಾತ್ರ ಕಳಚುತ್ತಿದ್ದರು.

“ತಲಿ ದುಂಡಗ ಮಾಡಾಕ ನನ್ನ ಕೈ ಸಾಲಲಿಲ್ಲೇನು?” ಎಂದು ಗೊಣಗುತ್ತಲೇ ಅವಳು ಶಶಿಕಲಾಳ ಐದು ತಿಂಗಳ ಮಗನನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡಳು. ದಿನಾ ಎರೆಯುತ್ತಿದ್ದ ಶಶಿಕಲಾಳ ತಾಯಿ ಊರಿಗೆ ಹೋದದ್ದರಿಂದ ಈ ಮನೆಯವರು ಬಸಲಿಂಗವ್ವನನ್ನು ಕರೆಸಿದ್ದು ಇದೇ ಮೊದಲು.

ನಗುತ್ತಿದ್ದ ಕೂಸು, ಅವಳು ತಂಬಿಗೆ ಎತ್ತಿದ್ದೇ ತಡ, ಬಲಗಾಲನ್ನು ಹೊಟ್ಟೆಗೆ ಎಳೆದುಕೊಂಡು ಚೀರಿತು. ನೀರು ಇನ್ನೂ ಬಿದ್ದೇ ಇರಲಿಲ್ಲ.

“ಆ ಟೋಪಿಯೊಳಗ ಏನೈತಿ, ಯವ್ವಾ?”

“ಏನೋ, ಆಯಿ. ಒಂದು ಕೂಸಿಗೆ ಆಗಿದ್ದು, ಟೋಪಿ ಕಳಚಿದಾಗ ಆದರೂ, ಮತ್ತ ತೊಡಿಸಿದ ಮ್ಯಾಲ ಎಲ್ಲಾ ಕೂಸಿಗೂ ಗೊತ್ತಾಗತೈತಿ. ಮೂಲಿಮನಿ ಕೂಸು ಬೋರಲು ಬಿದ್ದ ಮರುದಿನಾನ ಇವನೂ ಬಿದ್ದ.”

ಬಸಲಿಂಗವ್ವನ ಕೈ ತಂಬಿಗೆಯ ಮೇಲೇ ನಿಂತಿತು. ನಿನ್ನೆ ಮೂಲೆಮನೆಯಲ್ಲಿ ತಣ್ಣೀರು ಬೆರೆಸುವುದನ್ನು ಮರೆತು, ಕೂಸಿನ ಬಲಗಾಲಿನ ಮೇಲೆ ಸುಡುವ ನೀರು ಸುರಿದಿದ್ದಳು. ಕೆಂಪಾದಲ್ಲಿ ಅರಿಷಿಣ ಸವರಿ, ಅದರ ತಾಯಿಗೂ ಹೇಳದೆ ಬಂದಿದ್ದಳು.

ಶಶಿಕಲಾ ಮಗನ ಕಾಲು ನೋಡಿದಳು, ಆಮೇಲೆ ಬಸಲಿಂಗವ್ವನ ಮುಖ.

“ಆಯಿ, ನಿನ್ನೆ ನೀ ಮೂಲಿಮನ್ಯಾಗ ಎರದಿಯಲ್ಲ, ಅಲ್ಲಿ ಏನಾತು?”