ಬಟಾಣಿ ಬಿಡಿಸುವ ಪೋಷಾಕು

"ಈ ಮನೆಯ ಸಮಸ್ತ ನಿವಾಸಿಗಳ ಗಮನಕ್ಕೆ! ಹಿಂದುಗಡೆ ಕೋಣೆಯಲ್ಲಿ ಬೇರು ಬಿಟ್ಟಿರುವ ದೊಡ್ಡ ಬೀರು ಇಂದಿನಿಂದ ಸೇವೆಯಿಂದ ನಿವೃತ್ತಿ ಹೊಂದುತ್ತಿದೆ!"

ಉಡುಪು ಸಲಹೆಗಾರ್ತಿ ಚಮಚದಿಂದ ಲೋಟ ಬಡಿದು ಹೀಗೆ ಘೋಷಿಸಿದಾಗ ಸಮಸ್ತ ನಿವಾಸಿಗಳ ಪೈಕಿ ಹಾಜರಿದ್ದವನು ಗಂಡನೊಬ್ಬನೇ. ಅವನ ಬಾಯಲ್ಲಿ ಬ್ರೆಡ್ಡಿತ್ತು. ಅತ್ತೆ ಸ್ನಾನಕ್ಕೆ ಹೋಗಿದ್ದರು. ಆ ಮುಹೂರ್ತ ತಾನಾಗಿ ಕೂಡಿಬಂದದ್ದಲ್ಲ.

"ಅದು ಅಮ್ಮನ ಬೀರು ಕಣೇ," ಎಂದ ಗಂಡ, ಬ್ರೆಡ್ಡು ನುಂಗಿ.

"ಬೀರು ಅಮ್ಮಂದು, ನಿಯಮ ನಂದು. ವರ್ಷದಿಂದ ತೊಡದ ಬಟ್ಟೆ ಮನೇಲಿ ಇರಕೂಡದು. ಹೋದ ವರ್ಷ ಇದೇ ದಿನ ಅವರ ಹ್ಯಾಂಗರುಗಳನ್ನೆಲ್ಲ ತಿರುವಿ ಹಾಕಿದ್ದೀನಿ, ಕೊಕ್ಕೆ ತುದಿ ನಮ್ಮ ಕಡೆ ಬರೋ ಹಾಗೆ. ತೊಟ್ಟು ವಾಪಸ್ ನೇತುಹಾಕಿದ್ರೆ ತುದಿ ಗೋಡೆ ಕಡೆ ಇರುತ್ತೆ. ತೊಡದಿದ್ರೆ ನಮ್ಮನ್ನೇ ನೋಡ್ತಿರುತ್ತೆ. ಅಷ್ಟೇ, ಕೇಸು ಮುಗೀತು."

"ನೀನು ಸೊಸೆಯೋ, ಪತ್ತೇದಾರಿಯೋ?"

"ಕಸುಬು ಕಣ್ರೀ, ಕಸುಬು!"

ಕಸುಬಿಗೇ ಆ ಕೋಣೆ ಬೇಕಾಗಿತ್ತು. ಇದುವರೆಗೆ ಫೋನಲ್ಲೂ ಗಿರಾಕಿಗಳ ಮನೆಯಲ್ಲೂ ನಡೆಯುತ್ತಿದ್ದ ಸಲಹೆಗೆ ಸೋಮವಾರ ಮೊದಲ ಗಿರಾಕಿ ಈ ಮನೆಗೇ ಬರುವವಳಿದ್ದಳು. ಬಾಗಿಲಿಗೆ ಬೋರ್ಡು ಬರೆಸಿಯಾಗಿತ್ತು, ಆಳೆತ್ತರದ ಕನ್ನಡಿಗೆ ಹೇಳಿಯಾಗಿತ್ತು. ಕನ್ನಡಿ ನಿಲ್ಲಬೇಕಾದ ಜಾಗದಲ್ಲಿ ಬೀರು ಕಾಲೂರಿ ನಿಂತಿತ್ತು. ಕೇಸು ಗೆಲ್ಲುವ ಬಗ್ಗೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅತ್ತೆಯನ್ನು ಒಂದು ಮಾಸಿದ ನೀಲಿ ನಿಲುವಂಗಿಯಲ್ಲಿ ಬಿಟ್ಟು ಬೇರೆ ಯಾವುದರಲ್ಲೂ ಅವಳು ಕಂಡವಳಲ್ಲ. ತಾನಾದರೂ ಅಷ್ಟೇ, ಬೂದಿ ಬಣ್ಣ ಬಿಟ್ಟು ಕದಲಿದವಳಲ್ಲ. ಯಾವುದಕ್ಕೆ ಯಾವುದು ಹೊಂದುತ್ತದೆಂದು ಅವಳು ಬರೆದಿಟ್ಟ ಬಣ್ಣದ ಪಟ್ಟಿಯಲ್ಲಿ ನೇರಳೆಗೂ ಹಳದಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಒಮ್ಮೆ ಅಂಗಡಿಯಲ್ಲಿ ಕಂಡ ಕೆಂಪು ಕೋಟಿಗೆ ಮನಸೋತು ಕೊಂಡು ತಂದದ್ದುಂಟು. ಮನೆಗೆ ಬಂದ ಮೇಲೆ ಪಟ್ಟಿ ಬೇಡವೆಂದಿತು. ವೈದ್ಯರು ಕೊಟ್ಟ ಪಥ್ಯದಂತೆ ಪಾಲಿಸಿದಳು.

ಮಧ್ಯಾಹ್ನ ಕನ್ನಡಿ ಅಂಗಡಿಯಿಂದ ಅಳತೆ ಟೇಪು ಹಿಡಿದು ಎಂದಿಗಿಂತ ಬೇಗ ಬಂದವಳು, ಹಿಂದುಗಡೆ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು.

ಕಿಟಕಿಯ ಬಿಸಿಲಿನಲ್ಲಿ ಅತ್ತೆ ಕೂತಿದ್ದರು. ಮೈಮೇಲೆ ನೆಲಕ್ಕೆ ಹರಡಿದ್ದ ನೇರಳೆ ಮಖಮಲ್ಲಿನ ಗೌನು, ಹೆಗಲಿಗೆ ಸಾಸಿವೆ ಹೂವಿನಂಥ ಹಳದಿ ಶಾಲು, ತಲೆಗೆ ಹಸಿರು ಟೋಪಿ. ಪಟ್ಟಿಯ ಪ್ರಕಾರ ಅಲ್ಲೊಂದು ಮಹಾಯುದ್ಧವೇ ನಡೆಯಬೇಕಿತ್ತು. ನಡೆಯಲಿಲ್ಲ. ಬಿಸಿಲೇ ಅವರ ಮಡಿಲಲ್ಲಿ ಬಂದು ಕೂತ ಹಾಗಿತ್ತು. ಸಾವಿರ ಜನಕ್ಕೆ ಬಟ್ಟೆ ಹೇಳಿದವಳು ಸಂತೆಯಲ್ಲಿ ಆನೆ ಕಂಡ ಮಗುವಿನಂತೆ ನೋಡಿದಳು, ನೋಡುತ್ತಲೇ ಇದ್ದಳು. ಅತ್ತೆಯ ಮಡಿಲಲ್ಲಿ ಬಿಸಿಲಿನ ಜೊತೆಗೆ ಒಂದು ಬುಟ್ಟಿಯೂ ಇತ್ತು.

"ಎಲ್ಲಿಗೆ ಹೊರಟಿದ್ದೀರಿ ಅತ್ತೆ?" ಕೊನೆಗೂ ಕೇಳಿದಳು.

"ಎಲ್ಲಿಗೂ ಇಲ್ಲಮ್ಮ. ಬಟಾಣಿ ಬಿಡಿಸ್ತಿದ್ದೀನಿ."

"ಈ ಪೋಷಾಕಿನಲ್ಲಾ?"

"ಯಾಕೆ, ಬಟಾಣಿ ಬೇಡ ಅನ್ನುತ್ತಾ?"

"ಅಲ್ಲ ಅತ್ತೆ... ಇಷ್ಟು ಚೆನ್ನಾಗಿರೋದನ್ನ ಹೊರಗೆ ಯಾಕೆ ಹಾಕ್ಕೊಳ್ಳಲ್ಲ?"

"ಬೀದಿಯೋರು ನೋಡೋಕೆ ನೀಲಿ ಸಾಕು. ಇವೆಲ್ಲ ನಾನು ನೋಡ್ಕೊಳ್ಳೋಕೆ." ಒಂದು ಕಾಯಿ ಪಟ್ಟನೆ ಒಡೆಯಿತು. "ಮಧ್ಯಾಹ್ನ ನೀವಿಬ್ರೂ ಆಚೆ ಹೋದ್ಮೇಲೆ ದಿನಕ್ಕೊಂದು."

ಸಲಹೆಗಾರ್ತಿ ಬೀರುವಿನ ಬಾಗಿಲು ಎಳೆದಳು. ನೀರಿಗೆ ತಲೆ ಬಗ್ಗಿಸಿದ ಕೊಕ್ಕರೆಗಳ ಸಾಲಿನ ಹಾಗೆ ಕೊಕ್ಕೆಗಳೆಲ್ಲ ಗೋಡೆ ಕಡೆಗೇ ಮುಖ ಮಾಡಿದ್ದವು. ತಪ್ಪಿ ಒಂದೂ ಅವಳನ್ನು ನೋಡುತ್ತಿರಲಿಲ್ಲ. ಅತ್ತೆ ತೊಡದೆಯೇ ಸುಮ್ಮನೆ ತಿರುಗಿಸಿಟ್ಟಿರಬಹುದೇ? ಕಸುಬು ಸುಮ್ಮನಿರಲಿಲ್ಲ, ಒಂದು ಕೋಟಿನ ಜೇಬಿಗೆ ಕೈ ಹಾಕಿದಳು. ಒಣಗಿದ ಬಟಾಣಿ ಸಿಪ್ಪೆ. ಇನ್ನೊಂದರಲ್ಲಿ ಕಿತ್ತಳೆ ಸಿಪ್ಪೆ, ಇನ್ನೂ ಘಮ ಆರಿರಲಿಲ್ಲ. ಮತ್ತೊಂದರಲ್ಲಿ ಕಡಲೆಕಾಯಿ ಹೊಟ್ಟು. ನಿಯಮದ ಪ್ರಕಾರ ಬೀರು ಒಂದಂಗುಲವೂ ಕದಲುವಂತಿರಲಿಲ್ಲ.

"ಸೋಮವಾರಕ್ಕೆ ಜಾಗ ಬೇಕಂತಲ್ಲ," ಎಂದರು ಅತ್ತೆ, ತಲೆ ಎತ್ತದೆ. "ಬಚ್ಚಲುಮನೆ ಬಾಗಿಲು ತೆಳು ಕಣಮ್ಮ. ಮೇಲಾಗಿ ಕೊಕ್ಕೆ ತಿರುಗಿಸಿ, ವರ್ಷ ಕಾಯಿರಿ ಅಂತ ನೀನು ಫೋನಲ್ಲಿ ಊರಿಗೆಲ್ಲ ಹೇಳ್ತಿರ್ತೀಯ. ನನ್ನ ಬೀರುವಿನ ಕೊಕ್ಕೆ ತಿರುಗಿದ್ದು ಯಾರ ಕೈವಾಡ ಅಂತ ಗೊತ್ತಾಗಲ್ವಾ? ಒಳ್ಳೇ ಉಪಾಯ ಅನ್ನಿಸ್ತು. ಮಾರನೇ ದಿನವೇ ನಿನ್ನ ಬೀರುವಿಗೂ ಮಾಡಿಟ್ಟೆ."

ಸಲಹೆಗಾರ್ತಿ ತನ್ನ ಕೋಣೆಗೆ ಓಡಿದಳು. ದಿನಾ ಅವಸರದಲ್ಲಿ ಮುಂದಿನದನ್ನಷ್ಟೇ ಎಳೆದುಕೊಂಡು ಹೊರಡುವ ಬೀರು ಅದು. ದೀಪದ ಬುಡದಲ್ಲಿ ಕತ್ತಲೆ. ಬಾಗಿಲು ಪೂರ್ತಿ ತೆರೆದಳು. ಮುಂದಿದ್ದ ಬೂದಿ ಬಣ್ಣದವಷ್ಟೇ ಗೋಡೆ ಕಡೆ ತಿರುಗಿದ್ದವು. ಅವುಗಳ ಹಿಂದೆ ಹಸಿರು, ಗುಲಾಬಿ, ನವಿಲಿನ ಕೊರಳ ನೀಲಿ, ಕಟ್ಟಕಡೆಗೆ ಅಂಗಡಿಯ ಚೀಟಿ ಇನ್ನೂ ಕತ್ತರಿಸದ ಆ ಕೆಂಪು ಕೋಟು. ಎಲ್ಲವೂ ಅವಳನ್ನೇ ದಿಟ್ಟಿಸುತ್ತಿದ್ದವು.

ಆಚೆ ಕೋಣೆಯಿಂದ ಕಾಯಿ ಒಡೆಯುವ ಸದ್ದು ನಿಂತಿತು.

"ಹೆದರಬೇಡ, ನಿಂದಕ್ಕೆ ವರ್ಷ ತುಂಬೋದು ನಾಳೆ," ಅತ್ತೆಯ ದನಿ ಕೇಳಿಸಿತು. "ಬಟಾಣಿ ಇನ್ನೂ ಅರ್ಧ ಬುಟ್ಟಿ ಇದೆ."